ಕೃತ್ತಿಕೆಗೆ ಬೇಕಾದ ಕತ್ತಲೆ

ಅವರ ಬಲಗೈಯ ಹೆಬ್ಬೆರಳು ಮತ್ತು ತೋರುಬೆರಳು ಯಾವಾಗಲೂ ಕಪ್ಪಗಿರುತ್ತಿದ್ದವು. ಫೋಟೋ ತೊಳೆಯುವ ಔಷಧದ ಕಲೆ ಅದು. ಸಾಬೂನಿಗೂ ಹೋಗುವುದಿಲ್ಲ, ಸೀಗೆಪುಡಿಗೂ ಹೋಗುವುದಿಲ್ಲ. ಮದುವೆಯಾಗಿ ಬೆಟಗೇರಿಗೆ ಬಂದ ಹೊಸದರಲ್ಲಿ ಆ ಕೈಗೆ ರೊಟ್ಟಿ ನೀಡಲು ನಾನು ಹೇಸಿದ್ದೆ. "ಕಾಕಾರು ಕೈ ತೊಳಕೊಂಡಿಲ್ಲೇನ್ರಿ ಅತ್ತಿ?" ಎಂದು ಪಿಸುಗುಟ್ಟಿದ್ದು ಅವರ ಕಿವಿಗೇ ಬಿತ್ತು.

"ತೊಳದೇನಿ ಮಗಳ," ಅಂದರು. "ಈ ಕರಿ ನನ್ನ ಕೂಡ ಮಣ್ಣಿಗೇ ಬರತೈತಿ."

ಹಾಗೇ ಆಯಿತು. ಈ ವರ್ಷ ಕಾರ್ತಿಕದ ಕೊನೆಗೆ, ಛಟ್ಟಿ ಅಮಾವಾಸ್ಯೆಗೆ ಎರಡು ದಿನ ಉಳಿದಿರುವಾಗ ಅವರನ್ನು ಕೂಡಿಸಿ ಹೂ ಏರಿಸಿದರು. ಎಲ್ಲರೂ ಮುಖ ನೋಡಿ ಕೈ ಮುಗಿದರು. ನಾನು ನೋಡಿದ್ದು ಆ ಎರಡು ಬೆರಳುಗಳನ್ನು.

ಅವರ ಹೆಸರು ಬರೆಯುವುದಿಲ್ಲ. ಓಣಿಯಲ್ಲಿ ಯಾರೂ ಹೆಸರು ಹಿಡಿದು ಕರೆದವರಲ್ಲ, ಎಲ್ಲರಿಗೂ ಅವರು ಫೋಟೋ ಕಾಕಾ. ಗದಗಿನ ಪೇಟೆಯಲ್ಲಿ ಒಂದು ಸಣ್ಣ ಫೋಟೋ ಅಂಗಡಿ, ಬೆಟಗೇರಿಯಲ್ಲಿ ನಮ್ಮ ಮನೆಗೆ ಅಂಟಿಕೊಂಡ ಮನೆ. ಎರಡೂ ಮನೆಯ ಮಣ್ಣಿನ ಮಾಳಿಗೆಗಳ ನಡುವೆ ಸೊಂಟದೆತ್ತರದ ಗೋಡೆ, ಅಷ್ಟೇ. ಹೆಂಡತಿ ತೀರಿಕೊಂಡು ಬಹಳ ವರ್ಷವಾಗಿತ್ತು. ಒಬ್ಬಳೇ ಮಗಳನ್ನು ಲಕ್ಷ್ಮೇಶ್ವರಕ್ಕೆ ಕೊಟ್ಟಿದ್ದರು. ನಮ್ಮ ಅತ್ತೆ ಅವರನ್ನು ತಮ್ಮಾ ಎನ್ನುತ್ತಿದ್ದರು, ಅವರು ಅತ್ತೆಯನ್ನು ಯಕ್ಕಾ ಎನ್ನುತ್ತಿದ್ದರು. ಎರಡು ಹೊತ್ತಿನ ರೊಟ್ಟಿ ನಮ್ಮಲ್ಲಿಂದಲೇ ಹೋಗುತ್ತಿತ್ತು.

ನಮ್ಮ ಕಡೆ ಸತ್ತವರನ್ನು ಕೂಡಿಸಿ, ವಿಭೂತಿ ಹಚ್ಚಿ, ಹಾರ ಹಾಕಿ, ಸುತ್ತ ಮನೆಯವರೆಲ್ಲ ನಿಂತು ಒಂದು ಫೋಟೋ ತೆಗೆಸುವ ರೂಢಿಯುಂಟು. ಎಷ್ಟೋ ಮಂದಿಗೆ ಜೀವಮಾನದಲ್ಲಿ ತೆಗೆಸಿದ್ದು ಅದೊಂದೇ ಫೋಟೋ. ಅದಕ್ಕಾಗಿ ಕಾಕಾರನ್ನು ಶಿರಹಟ್ಟಿಯಿಂದ, ಬೆಳ್ಳಟ್ಟಿಯಿಂದ ಹುಡುಕಿಕೊಂಡು ಬರುತ್ತಿದ್ದರು. ಮೂರು ಕಾಲಿನ ಸ್ಟ್ಯಾಂಡು ಸೈಕಲ್ಲಿಗೆ ಕಟ್ಟಿಕೊಂಡು ಹೊರಟುಬಿಡುತ್ತಿದ್ದರು. ಒಮ್ಮೆ ನಾನು ಕೇಳಿದೆ, "ಹೆದರಿಕಿ ಆಗಂಗಿಲ್ಲೇನ್ರಿ ಕಾಕಾ?"

"ಯಾಕ ಹೆದರಬೇಕವಾ? ಅಲುಗಾಡದs ಕುಂಡ್ರವರು ಅಂದರ ಅವರs. ಸುತ್ತ ನಿಂತ ಮಂದಿ ಅಲುಗಾಡಿ ಫೋಟೋ ಕೆಡಸತಾರ." ಮೇಲೆ ನೋಡಿ ಹೇಳಿದರು, "ಇವು ಮಾತ್ರ ಹಂಗಲ್ಲ. ಇವು ಅಲುಗಾಡತಾವ, ನಾನು ಅಲುಗಾಡಬಾರದು."

ಇವು ಅಂದರೆ ಚಿಕ್ಕಿಗಳು, ಆಕಾಶದ ನಕ್ಷತ್ರಗಳು.

ಅವರಿಗೆ ಆ ಹುಚ್ಚು ಎಲ್ಲಿಂದ ಹತ್ತಿತೋ ಗೊತ್ತಿಲ್ಲ. ನಾನು ಬಂದಾಗ ಆಗಲೇ ದುರ್ಬೀನಿನ ಗಾಜು ಉಜ್ಜುತ್ತಿದ್ದರು. ಮುಂಬೈಯ ಹಳೇ ಸಾಮಾನಿನ ಪೇಟೆಯಿಂದ ತಂದ ಎರಡು ದಪ್ಪ ಗಾಜು, ಜೋಳದ ರೊಟ್ಟಿಯಷ್ಟು ಅಗಲ. ಒಂದನ್ನು ಖಾಲಿ ಡ್ರಮ್ಮಿನ ಮೇಲೆ ಕೂಡಿಸಿ, ನಡುವೆ ನೀರು ಮತ್ತು ಕಲ್ಲಿನ ಪುಡಿ ಹಾಕಿ, ಇನ್ನೊಂದರಿಂದ ತಿಕ್ಕುವುದು. ನಾಲ್ಕು ಸಲ ತಿಕ್ಕಿ ಒಂದು ಹೆಜ್ಜೆ ಸರಿಯುವುದು. ಹೀಗೆ ಡ್ರಮ್ಮಿನ ಸುತ್ತ ಸುತ್ತುತ್ತಲೇ ಏಳು ತಿಂಗಳು. ಮೇಲಿನ ಗಾಜು ನಡುವೆ ತಗ್ಗಾಗಿ ಬಟ್ಟಲಿನಂತಾಗಬೇಕು, ಆಮೇಲೆ ಅದಕ್ಕೆ ಬೆಳ್ಳಿಯ ನೀರು ಕುಡಿಸಿ ಕನ್ನಡಿ ಮಾಡಬೇಕು.

"ಇಷ್ಟು ಸುತ್ತು ಬಸವಣ್ಣನ ಗುಡಿ ಸುತ್ತಿದ್ದರ ಪುಣ್ಯರ ಬರತಿತ್ತಲ್ರಿ ಕಾಕಾ," ಅಂದೆ ನಾನು.

"ಅಲ್ಲಿ ಎಷ್ಟು ಸುತ್ತಿದರೂ ಬಸವಣ್ಣ ಸವಿಯಂಗಿಲ್ಲ ಮಗಳ. ಇಲ್ಲಿ ಗಾಜು ಸವಿತೈತಿ."

ಅತ್ತೆ ಒಳಗಿನಿಂದ, "ಶಿವಶಿವಾ, ಬಾಯಿ ಮುಚ್ಚೋ ತಮ್ಮಾ," ಎಂದರು. ಆದರೆ ನಕ್ಕಿದ್ದರು.

ದೇವರ ವಿಷಯದಲ್ಲಿ ಕಾಕಾ ಅಷ್ಟಕ್ಕಷ್ಟೇ. ಲಿಂಗ ಕೊರಳಲ್ಲಿತ್ತು, ಪೂಜೆ ಮಾಡಿದ್ದನ್ನು ನಾನು ಕಾಣೆ. ನಾನೋ, ಮಲಗುವ ಮೊದಲು ಆ ದಿನ ಶಿವ ಕೊಟ್ಟದ್ದನ್ನು ಮೂರು ಬೆರಳು ಮಡಚಿ ಎಣಿಸದೆ ಕಣ್ಣು ಮುಚ್ಚಿದವಳಲ್ಲ. ಹಾಲು ಒಡೆಯಲಿಲ್ಲ, ಒಂದು. ಅತ್ತೆಯ ಮೊಣಕಾಲು ಇವತ್ತು ನೋಯಲಿಲ್ಲ, ಎರಡು. ತವರಿನಿಂದ ಖಬರು ಬಂತು, ಮೂರು. ಕಾಕಾ ಇದನ್ನು ಕೇಳಿ ನಗುತ್ತಿದ್ದರು, ಆದರೆ ಎಂದೂ ಹಾಸ್ಯ ಮಾಡಲಿಲ್ಲ. "ನೀ ಎಣಸತೀ, ನಾನೂ ಎಣಸತೇನಿ," ಅನ್ನುತ್ತಿದ್ದರು.

ಮಣ್ಣಿನ ಮಾಳಿಗೆಯ ಮೇಲೆ ದುರ್ಬೀನು ಇಟ್ಟರೆ ಬೆಕ್ಕು ನಡೆದರೂ ಅಲುಗುತ್ತದೆ ಎಂದು ಅವರು ಮಾಡಿದ ಕೆಲಸ ನೋಡಿ ಓಣಿಯೇ ಬಾಯಿಯ ಮೇಲೆ ಕೈ ಇಟ್ಟಿತು. ಪಡಸಾಲೆಯ ನೆಲ ಅಗೆದು, ಅಲ್ಲಿಂದ ಕಲ್ಲಿನ ಕಂಬ ಕಟ್ಟಿಸಿ, ಮಾಳಿಗೆಗೆ ತೂತು ಹೊಡೆದು ಮೇಲೆ ತೆಗೆದರು. ಕಂಬ ಮಾಳಿಗೆಗೆ ತಾಗುವಂತಿರಲಿಲ್ಲ, ಸುತ್ತ ನಾಲ್ಕು ಬೆರಳು ಸಂದು. ಮಳೆ ಬಂದರೆ ಆ ಸಂದಿನಿಂದ ನೀರು ಪಡಸಾಲೆಗೆ ಇಳಿಯುತ್ತಿತ್ತು. ಕಂಬದ ಮೇಲೆ ಬಡಿಗ ಮಾಡಿಕೊಟ್ಟ ಆಳೆತ್ತರ ಮೀರಿದ ಕಟ್ಟಿಗೆಯ ಕೊಳವೆ. ಫಿರಂಗಿಯಂತಿದೆ ಎಂದು ಓಣಿಯವರು ಅದಕ್ಕೆ ತೋಪು ಎಂದರು.

ಆ ತೋಪಿನ ಸುದ್ದಿ ಪೊಲೀಸರಿಗೂ ಮುಟ್ಟಿತು. ಸ್ವಾತಂತ್ರ್ಯ ಬಂದ ವರ್ಷ ಅದು. ನಮಗೆ ಬಂತು, ಆದರೆ ಮುಂಡರಗಿಯಾಚೆ ಗಡಿ ದಾಟಿದರೆ ನಿಜಾಮರ ಸೀಮೆ, ಅಲ್ಲಿಗೆ ಇನ್ನೂ ಬಂದಿರಲಿಲ್ಲ. ಅಂಥ ಹೊತ್ತಿನಲ್ಲಿ ಯಾರದೋ ಮಾಳಿಗೆಯ ಮೇಲೆ ಮೂಡಣಕ್ಕೆ ಮುಖ ಮಾಡಿದ ತೋಪು ಇದೆ ಎಂದರೆ! ಒಂದು ಸಂಜೆ ಫೌಜದಾರ ಸಾಹೇಬರು ಒಬ್ಬ ಪೊಲೀಸನನ್ನು ಕರೆದುಕೊಂಡು ಬಂದರು. ಕಾಕಾ ಅವರಿಗೆ ಚಂದ್ರನನ್ನು ತೋರಿಸಿದರು. ಫೌಜದಾರರು ನೋಡಿ ತಲೆಯ ಟೊಪ್ಪಿಗೆ ತೆಗೆದರು. ಪೊಲೀಸನಿಗೆ ಮಾತ್ರ ಸಂಶಯ ತೀರಲಿಲ್ಲ.

"ಇದರಾಗ ಕೊಪ್ಪಳ ಕಾಣತೈತೇನ್ರಿ?"

"ಕೊಪ್ಪಳ ಕಾಣಂಗಿಲ್ರಿ," ಅಂದರು ಕಾಕಾ. "ಅದು ಭಾಳ ಸಮೀಪ ಆತು."

ಗೋಡೆಯ ಈಚೆ ನಿಂತು ಇದನ್ನು ಕೇಳಿ ನಾನು ಸೆರಗು, ತವರಿನಿಂದ ಬಂದಿದ್ದ ನನ್ನ ತಮ್ಮ ಹೆಗಲ ವಲ್ಲಿ ಬಾಯಿಗೆ ಇಟ್ಟುಕೊಂಡು ನಕ್ಕಿದ್ದೆವು.

ತಮ್ಮನ ಮಾತು ಬಂತು. ಅವನದೂ ಹೆಸರು ಬೇಡ. ಹಿರೇವಡ್ಡಟ್ಟಿ ನನ್ನ ತವರು. ತಾಯಿ ಹೋದಾಗ ಅವನಿಗೆ ಮೂರು ವರ್ಷ, ನನಗೆ ಒಂಬತ್ತು. ಕಂಕುಳಲ್ಲಿ ಎತ್ತಿಕೊಂಡು ಬೆಳೆಸಿದವಳು ನಾನೇ. ದೊಡ್ಡವನಾದ ಮೇಲೆ ನಾಲ್ಕಾರು ತಿಂಗಳಿಗೊಮ್ಮೆ ಚಕ್ಕಡಿ ಹೂಡಿಕೊಂಡು ಬರುವನು. ಬಂದರೆ ಅರ್ಧ ಹೊತ್ತು ನನ್ನ ಹತ್ತಿರ, ಅರ್ಧ ಹೊತ್ತು ಕಾಕಾರ ಮಾಳಿಗೆಯಲ್ಲಿ. ಕಾಕಾರಿಗೆ ನವಣೆ ತಂದುಕೊಡುತ್ತಿದ್ದವನೂ ಅವನೇ.

ಈ ನವಣೆಯ ಸಂಗತಿ ಹೇಳಬೇಕು. ಚಿಕ್ಕಿಯ ಫೋಟೋ ತೆಗೆಯಲು ಗಾಜಿನ ಪ್ಲೇಟನ್ನು ಒಂದು ತಾಸು, ಎರಡು ತಾಸು ತೆರೆದಿಡಬೇಕು. ಅಷ್ಟು ಹೊತ್ತು ಚಿಕ್ಕಿ ಸುಮ್ಮನಿರುವುದಿಲ್ಲ, ಪಡುವಣಕ್ಕೆ ಸರಿಯುತ್ತಲೇ ಇರುತ್ತದೆ. ದುರ್ಬೀನೂ ಅದರ ಬೆನ್ನಿಗೆ ಅಷ್ಟೇ ನಿಧಾನವಾಗಿ ತಿರುಗಬೇಕು. ಪರದೇಶದಲ್ಲಿ ಅದಕ್ಕೆ ಗಡಿಯಾರದಂಥ ಯಂತ್ರ ಇರುತ್ತದಂತೆ. ಕಾಕಾರ ಹತ್ತಿರ ಇದ್ದದ್ದು ನವಣೆ. ಉದ್ದನೆಯ ತಗಡಿನ ಕೊಳವೆಯಲ್ಲಿ ನವಣೆ ತುಂಬಿ, ಅದರ ಮೇಲೆ ಒಂದು ಭಾರದ ಕಲ್ಲು ಇಟ್ಟು, ಕಲ್ಲಿಗೆ ಕಟ್ಟಿದ ತಂತಿಯನ್ನು ದುರ್ಬೀನಿನ ಗಾಲಿಗೆ ಸುತ್ತುತ್ತಿದ್ದರು. ತಳದ ತೂತಿನಿಂದ ನವಣೆ ಸಣ್ಣಗೆ ಸುರಿದಂತೆ ಕಲ್ಲು ಇಳಿಯುವುದು, ಕಲ್ಲು ಇಳಿದಂತೆ ದುರ್ಬೀನು ತಿರುಗುವುದು. ಮೊದಲು ಜೋಳ ಹಾಕಿ ನೋಡಿದರಂತೆ, ಕಾಳು ದಪ್ಪ, ನಿಂತು ನಿಂತು ಬಿದ್ದವು. ಸಾಸಿವೆ ಒಮ್ಮೆಲೇ ಓಡಿತು. ನವಣೆ ಮಾತ್ರ ಒಂದೇ ಹದದಲ್ಲಿ ಇಳಿಯಿತು. ಅದರಲ್ಲಿ ಒಂದು ಕಡ್ಡಿ, ಒಂದು ಹರಳು ಇದ್ದರೂ ಚಿಕ್ಕಿ ಕೈತಪ್ಪುತ್ತದೆ. ಜರಡಿ ಹಿಡಿದು ಅದನ್ನು ಸ್ವಚ್ಛ ಮಾಡುವುದು ನನ್ನ ಪಾಲಿನ ಕೆಲಸ.

"ಕಾಕಾ, ನಮ್ಮ ಹೊಲದ ನವಣಿ ನಾವು ಉಣ್ಣೂದೋ, ನಿಮ್ಮ ಚಿಕ್ಕಿ ಉಣ್ಣೂದೋ?" ಎಂದು ತಮ್ಮ ಚೀಲ ಇಳಿಸುತ್ತ ಕೇಳುವನು.

"ಚಿಕ್ಕಿ ಉಂಡರೂ ಚೀಲ ಹಂಗs ಇರತೈತಲೋ ಮಗನ. ನೀ ಉಂಡರ ಚೀಲs ಇರಂಗಿಲ್ಲ," ಎಂದು ಕಾಕಾ.

ಇನ್ನೊಂದು ಕೆಲಸವೂ ನನಗಿತ್ತು. ನಾನು ಕನ್ನಡ ಶಾಲೆಯಲ್ಲಿ ಆರನೇ ಇಯತ್ತೆ ಓದಿದವಳು, ಅಕ್ಷರ ದುಂಡಗೆ. ಪ್ಲೇಟು ಇಡುವ ಲಕೋಟೆಗಳ ಮೇಲೆ ನನ್ನಿಂದಲೇ ಬರೆಸುತ್ತಿದ್ದರು. ಚಿಕ್ಕಿಯ ಹೆಸರು, ತಿಥಿ, ಎಷ್ಟು ನವಣೆ ಓಡಿತು, ಆಕಾಶ ಹೇಗಿತ್ತು. "ರೋಹಿಣಿ. ಕಾಲು ಚೀಲ ನವಣೆ. ಆಕಾಶ ಧೂಳು." ಅಷ್ಟೇ. ಇಂಥ ಲಕೋಟೆಗಳು ಒಂದು ಪೆಟ್ಟಿಗೆ ತುಂಬ ಇದ್ದವು.

ಅವರ ಆಸೆಯೆಲ್ಲ ಕೃತ್ತಿಕೆಯ ಮೇಲೆ. ಬರಿಗಣ್ಣಿಗೆ ಆರು ಚಿಕ್ಕಿ ಕಾಣುವ ಗೊಂಚಲು ಅದು. ದುರ್ಬೀನಿನಲ್ಲಿ ನನಗೂ ತೋರಿಸಿದ್ದರು, ಎಣಿಸಲು ಹೋಗಿ ನಲವತ್ತಕ್ಕೆ ಲೆಕ್ಕ ತಪ್ಪಿತು. "ಇದಲ್ಲ ಮಗಳ. ಅವುಗಳ ಸುತ್ತ ಹತ್ತಿಯ ಅರಳಿ ಹಿಂಜಿ ಬಿಟ್ಟಂಗ ಒಂದು ಮಂಜು ಐತಿ. ಕಣ್ಣಿಗೆ ಕಾಣಂಗಿಲ್ಲ. ಗಾಜಿಗೆ ಕಾಣತೈತಿ, ಕತ್ತಲಿ ಇದ್ದರ." ಮೂರು ವರ್ಷ ಪ್ರಯತ್ನಪಟ್ಟಿದ್ದರು. ಒಂದು ವರ್ಷ ಮೋಡ. ಒಂದು ವರ್ಷ ಯುದ್ಧದಿಂದಾಗಿ ಪ್ಲೇಟುಗಳೇ ಬರಲಿಲ್ಲ. ಒಂದು ವರ್ಷ ಕಂಬದ ಬುಡದಲ್ಲಿ ಹೆಗ್ಗಣ ಮಣ್ಣು ತೋಡಿತು. ಕೃತ್ತಿಕೆ ಸಂಜೆಗೇ ಮೂಡಿ ಚೆನ್ನಾಗಿ ಕೈಗೆ ಸಿಗುವುದು ಕಾರ್ತಿಕ ಮಾಸದಲ್ಲಿ, ಹುಣ್ಣಿಮೆ ಕಳೆದು ಚಂದ್ರ ತಡವಾಗಿ ಏಳುವ ದಿನಗಳಲ್ಲಿ.

ಕಾರ್ತಿಕವೆಂದರೆ ನಮಗೆ ದೀಪದ ತಿಂಗಳು.

ಆ ವರ್ಷ ದೀಪಾವಳಿಯ ಮುಂಚೆ ತಮ್ಮ ಮುಂಡರಗಿ ಕಡೆಯ ಗಡಿಯ ಶಿಬಿರಕ್ಕೆ ಸೇರಿಕೊಂಡ. ನಿಜಾಮರ ಸೀಮೆಯಿಂದ ಹೆಂಗಸರು ಮಕ್ಕಳು ಹೊರಟು ಬರುತ್ತಿದ್ದರು, ಅವರನ್ನು ಹಳ್ಳ ದಾಟಿಸಿ ಚಕ್ಕಡಿಯಲ್ಲಿ ಈಚೆ ತರುವ ಕೆಲಸ. ಹೇಳಲು ಬಂದವನಿಗೆ ನಾನು ಬೈದೆ, ಕಣ್ಣೀರು ಹಾಕಿದೆ. "ಯಕ್ಕಾ, ಎತ್ತು ನನ್ನ ಮಾತು ಕೇಳತಾವ, ಇನ್ಯಾರ ಮಾತು ಕೇಳಂಗಿಲ್ಲ. ನಾ ಹೋಗಲಿಕ್ಕೇಬೇಕು," ಅಂದ. ಹೋದ. ನಾನು ಹರಕೆ ಹೊತ್ತೆ. ಪಾಡ್ಯದಿಂದ ಛಟ್ಟಿ ಅಮಾವಾಸ್ಯೆಯವರೆಗೆ ಮಾಳಿಗೆಯ ಮೇಲೆ ಮುಂಡರಗಿಯ ದಿಕ್ಕಿಗೆ ದೀಪ. ಸಂಜೆ ಹಚ್ಚಿದರೆ ಬೆಳಗಿನವರೆಗೆ ಆರಬಾರದು. ಶಿವನೇ, ದೀಪ ನಿನ್ನ ಎದುರಿಗೆ ಉರಿಯುವ ತನಕ ನನ್ನ ತಮ್ಮನನ್ನು ಕಾಯಿ.

ಮುಂಡರಗಿ ಮೂಡಣಕ್ಕೆ. ಕೃತ್ತಿಕೆ ಮೂಡುವುದೂ ಮೂಡಣಕ್ಕೆ. ದುರ್ಬೀನಿನ ಎದುರಿಗೆ ಸರಿಯಾಗಿ ನನ್ನ ದೀಪ.

ಹುಣ್ಣಿಮೆಯ ತನಕ ಬೆಳದಿಂಗಳು, ಕಾಕಾ ದೀಪದ ಮಾತೆತ್ತಲಿಲ್ಲ. ಹುಣ್ಣಿಮೆ ಕಳೆದು ಮತ್ತೂ ಹತ್ತು ದಿನವಾದ ಮೇಲೆ ಒಂದು ಮಧ್ಯಾಹ್ನ ನಮ್ಮ ಪಡಸಾಲೆಗೆ ಬಂದು ಕುಳಿತರು. ಅತ್ತೆ ಶೇಂಗಾ ಸುಲಿಯುತ್ತಿದ್ದರು.

"ಮಗಳ, ಒಂದು ಮಾತು. ಇವತ್ತ ಒಂದ್ ದಿನ, ಒಂದೂವರಿ ತಾಸು ನಿನ್ನ ದೀಪ..."

"ಮುಂದ ಆಡಬ್ಯಾಡೋ ತಮ್ಮಾ," ಎಂದರು ಅತ್ತೆ. ನಮ್ಮಲ್ಲಿ ದೀಪ ಆರಿಸು ಎನ್ನಬಾರದು, ಶಾಂತ ಮಾಡು ಎನ್ನಬೇಕು. ಹರಕೆಯ ದೀಪಕ್ಕೆ ಅದನ್ನೂ ಅನ್ನಬಾರದು.

"ಯಕ್ಕಾ, ಉಳದದ್ದು ಒಂದs ಪ್ಲೇಟು. ಆಕಾಶ ಇಂಥಾದ್ದು ನಾ ಮೂರು ವರ್ಷದಾಗ ಕಂಡಿಲ್ಲ. ನಾಳೆ ಹೆಂಗೋ ಯಾರಿಗೊತ್ತು. ನಾ ಯಾವಾಗರೆ ನಿಮ್ಮ ಹತ್ರ ಏನರೆ ಕೇಳೇನೇನು?"

ಕೇಳಿರಲಿಲ್ಲ. ಅದೇ ಕಷ್ಟವಾಯಿತು. ಅತ್ತೆ ಶೇಂಗಾ ಸಿಪ್ಪೆಯನ್ನು ಬದಿಗೆ ಸರಿಸಿದರು. ಆಮೇಲೆ, "ಬುಟ್ಟಿ ಮುಚ್ಚಿದರ ನಡೀತೈತೇನು?" ಎಂದರು. "ಮುಚ್ಚಿದರ ಆರಿಸಿದಂಗಲ್ಲ. ಕೂಸಿಗೆ ಕೌದಿ ಹೊಚ್ಚಿದಂಗ."

"ನಡೀತೈತಿ ಯಕ್ಕಾ. ಸಾಕು."

ನಾನು ಒಪ್ಪಿದೆ. ಯಾರೂ ಬಲವಂತ ಮಾಡಲಿಲ್ಲ. ಸಂಜೆ ಎಣ್ಣೆ ತುಂಬಿ ದೀಪ ಹಚ್ಚಿ, ಕತ್ತಲಾದ ಮೇಲೆ ಕಾಕಾ ಹೂಂ ಅಂದಾಗ ರೊಟ್ಟಿಯ ಬುಟ್ಟಿ ಬೋರಲು ಹಾಕಿದೆ. ಹಳೆಯ ಬುಟ್ಟಿ, ಸಾರಿಸಿದ ಸಗಣಿ ಅಲ್ಲಲ್ಲಿ ಉದುರಿತ್ತು. ಗಾಳಿಯಾಡಲು ಅದೇ ಚಲೋ ಎಂದುಕೊಂಡು ಕೆಳಗೆ ಬಂದೆ. ಪಡಸಾಲೆಯಲ್ಲಿ ಕುಳಿತು ಶಿವನಾಮ ಎಣಿಸಿದೆ. ಗೋಡೆಯಾಚೆಯಿಂದ ನವಣೆ ಸುರಿಯುವ ಸಪ್ಪಳ ಸಣ್ಣಗೆ ಕೇಳುತ್ತಿತ್ತು.

"ಮುಗೀತವಾ ಮಗಳ," ಎಂದು ಕೂಗು ಬಂದೊಡನೆ ಓಡಿದೆ. ಬುಟ್ಟಿ ಎತ್ತಿದೆ. ದೀಪ ಇರಲಿಲ್ಲ. ಎಣ್ಣೆ ತುಂಬ ಇತ್ತು, ಬತ್ತಿ ಕಪ್ಪಗಿತ್ತು.

"ಕಾಕಾ, ದೀಪ ಹೋಗೇತ್ರಿ," ಅಂದೆ.

ಅವರು ಬೆನ್ನು ತಿರುಗಿಸಿ ನಿಂತು ತಂತಿ ಸುತ್ತುತ್ತಿದ್ದರು. "ಬುಟ್ಟಿಯೊಳಗ ಗಾಳಿ ಆಡಂಗಿಲ್ಲ ಮಗಳ. ಆಗತಾವ ಹಿಂಗ. ಹಚ್ಚು," ಅಂದರು.

ಹಚ್ಚಿದೆ. ಮರುದಿನ ಬೆಳಗ್ಗೆ ರೊಟ್ಟಿ ಕೊಡಲು ಹೋದಾಗ ಅವರ ಆ ಎರಡು ಬೆರಳ ತುದಿಯಲ್ಲಿ ಗುಳ್ಳೆ ಎದ್ದಿದ್ದವು. "ಏನಾತ್ರಿ?" ಎಂದರೆ, "ಔಷಧ ಸುಟ್ಟತು," ಎಂದರು. ಮನೆಯಿಂದ ಬೆಣ್ಣೆ ತಂದು ನಾನೇ ಹಚ್ಚಿದೆ. ಕೈ ಹಿಂದಕ್ಕೆ ಎಳೆದುಕೊಂಡರು, ನಾನು ಬಿಡಲಿಲ್ಲ.

ಮೂರನೆಯ ದಿನ ಹಿರೇವಡ್ಡಟ್ಟಿಯಿಂದ ಆಳು ಬಂದ. ಹಳ್ಳ ದಾಟುವಾಗ ಎಲ್ಲಿಂದಲೋ ಗುಂಡು ಬಂತು, ಯಾರು ಹೊಡೆದರೆಂದು ಕಡೆಗೂ ತಿಳಿಯಲಿಲ್ಲ. ಚಕ್ಕಡಿಯಲ್ಲಿದ್ದ ಹೆಂಗಸರು ಮಕ್ಕಳೆಲ್ಲ ಈಚೆ ಬಂದರು, ಚಕ್ಕಡಿ ಹೊಡೆಯುತ್ತಿದ್ದ ನನ್ನ ತಮ್ಮನೇ ಬಿದ್ದ. ಯಾವಾಗ ಎಂದು ಕೇಳಿದೆ. ದಿನ ಹೇಳಿದ. ಹೊತ್ತು ಎಷ್ಟು ಎಂದು ಕೇಳಿದೆ. "ರಾತ್ರಿ ಊಟದ ಹೊತ್ತಿನ್ಯಾಗರಿ ಯವ್ವಾ," ಅಂದ.

ಬುಟ್ಟಿ ಮುಚ್ಚಿದ ದಿನವೂ ಅದೇ, ಹೊತ್ತೂ ಅದೇ.

ಕಾಕಾ ನಮ್ಮೊಂದಿಗೇ ಚಕ್ಕಡಿಯಲ್ಲಿ ಬಂದರು, ಕ್ಯಾಮೆರಾ ತೊಡೆಯ ಮೇಲಿಟ್ಟುಕೊಂಡು. ಯಾರೂ ಕರೆದಿರಲಿಲ್ಲ. ತಮ್ಮನನ್ನು ಕೂಡಿಸಿದ್ದರು. ಮುಖಕ್ಕೆ ಏನೂ ಆಗಿರಲಿಲ್ಲ, ಅದೊಂದು ಪುಣ್ಯ. ಆ ದಿನ ನಾನು ಎಣಿಸಿದ್ದು ಅದೊಂದೇ. ನಾವು ಸುತ್ತ ನಿಂತೆವು. ಕಾಕಾ ಕ್ಯಾಮೆರಾದ ಕರಿಬಟ್ಟೆಯೊಳಗೆ ತಲೆ ಹಾಕಿದರು. ಹಾಕಿದವರು ಹೊರಗೆ ಬರಲಿಲ್ಲ. ಹೊಲದ ಗಾಳಿಗೆ ಬಟ್ಟೆ ಅಲುಗುತ್ತಿದೆ ಎಂದುಕೊಂಡೆ. ಗಾಳಿ ಇರಲಿಲ್ಲ ಎಂಬುದು ನೆನಪಾದದ್ದು ಈಗ.

ಅಂದಿನಿಂದ ಅವರು ಚಿಕ್ಕಿಯ ಫೋಟೋ ತೆಗೆಯಲಿಲ್ಲ. ದುರ್ಬೀನಿಗೆ ಕಂಬಳಿ ಹೊದಿಸಿಟ್ಟರು. "ಕೃತ್ತಿಕೆ ಹೆಂಗ ಬಂತ್ರಿ ಕಾಕಾ?" ಎಂದು ಒಮ್ಮೆ ಕೇಳಿದೆ. "ಕೆಟ್ಟತು," ಎಂದರು. ಲಕೋಟೆಯ ಮೇಲೆ ಬರೆಸಲು ಕರೆಯಲಿಲ್ಲ.

ಆದರೆ ಮುಂದಿನ ವರ್ಷ ದೀಪಾವಳಿಯ ಮುನ್ನಾದಿನ ಒಂದು ತಂಬಿಗೆ ಕುಸುಬಿ ಎಣ್ಣೆ ತಂದು ನಮ್ಮ ಹೊಸ್ತಿಲ ಮೇಲಿಟ್ಟರು. "ನಿನ್ನ ದೀಪಕ್ಕ," ಎಂದರು. ತಮ್ಮನ ಹೆಸರಿನಲ್ಲಿ ನಾನು ಕಾರ್ತಿಕದ ದೀಪ ಬಿಟ್ಟಿರಲಿಲ್ಲ. ಅದರ ಮುಂದಿನ ವರ್ಷವೂ ತಂದರು. ಎಂಟು ಕಾರ್ತಿಕ ಬಿಡದೆ ತಂದರು. ದೇವರಿಗೆ ಕೈ ಮುಗಿಯದವರಿಗೆ ಇದೇನು ಬುದ್ಧಿ ಬಂತೆಂದು ಅತ್ತೆ ನಗುತ್ತಿದ್ದರು. ತಂಬಿಗೆ ಇಟ್ಟಾಗಲೆಲ್ಲ ನಾನು ಅದೇ ಮಾತು ಆಡುತ್ತಿದ್ದೆ, "ನನ್ನ ಬುಟ್ಟಿ ಅವನ್ನ ತಿಂದಿತ್ರಿ ಕಾಕಾ. ನನ್ನ ಕೈಯಾರ ಮುಚ್ಚಿದೆ." ಅವರು ಕೇಳಿಸಿಕೊಂಡು, ಆ ಎರಡು ಕಪ್ಪು ಬೆರಳುಗಳನ್ನು ಒಂದಕ್ಕೊಂದು ಉಜ್ಜುತ್ತ ಹೊರಟುಹೋಗುತ್ತಿದ್ದರು. ರೊಟ್ಟಿ ಬಡಿಯುವಾಗ, ನೀರು ಸೇದುವಾಗ, ರೊಟ್ಟಿಯ ಬುಟ್ಟಿ ಕಣ್ಣಿಗೆ ಬಿದ್ದಾಗಲೆಲ್ಲ ನನಗೆ ಆ ಕಪ್ಪು ಬತ್ತಿ ಕಾಣುತ್ತಿತ್ತು. ಬುಟ್ಟಿಯನ್ನು ಸುಟ್ಟುಹಾಕಿದೆ. ಹೊಸ ಬುಟ್ಟಿಯಲ್ಲೂ ಕಾಣುತ್ತಿತ್ತು.

ಈ ವರ್ಷ ಕನ್ನಡ ನಾಡು ಒಂದಾಯಿತು. ಗದಗ ಬೆಟಗೇರಿಯೂ ಒಂದೇ ನಾಡು, ಗಡಿಯಾಚೆಯ ಕೊಪ್ಪಳವೂ ಅದೇ ನಾಡು. ದೀಪಾವಳಿಯೂ ಕೂಡಿಬಂದು ಊರಿನ ಮಾಳಿಗೆ ಮಾಳಿಗೆಯ ಮೇಲೆ ಹಣತೆ ಸಾಲು. ಕಾಕಾ ತಂಬಿಗೆ ಹಿಡಿದು ಮೇಲೇ ಬಂದರು. ಮೆಟ್ಟಿಲೇರಿ ಏದುಸಿರು ಬಿಡುತ್ತಿದ್ದರು. ಕೆಮ್ಮು ಶ್ರಾವಣದಿಂದಲೇ ಇತ್ತು.

"ಒಂದು ಚಿಕ್ಕಿನೂ ಕಾಣವಲ್ಲದು ನೋಡ್ರಿ ಇವತ್ತ," ಅಂದೆ. "ಹಳ್ಳದಾಚೆನೂ ಈಗ ನಮ್ಮದs ಅಂತ. ನನ್ನ ತಮ್ಮ ಇದ್ದಿದ್ದರ... ನನ್ನ ಬುಟ್ಟಿ..."

"ಬುಟ್ಟೀದು ಏನೂ ತಪ್ಪಿಲ್ಲ ಮಗಳ."

ಅಂದವರು ಗೋಡೆಯ ಮೇಲೆ ಕುಳಿತರು.

"ಅದರ ಸಂದಿನ್ಯಾಗ ನಿನ್ನ ದೀಪ ಚಂದ ಉರಿಯಾಕ ಹತ್ತಿತ್ತು. ಆ ಬೆಳಕು ನನ್ನ ಕಣ್ಣಿಗೆ ಚುಚ್ಚಾಕ ಹತ್ತಿತು. ಪ್ಲೇಟು ತೆರದಿದ್ದೆ, ನವಣಿ ಓಡತಿತ್ತು. ನಾ ಈ ಗ್ವಾಡಿ ದಾಟಿ ಬಂದು ಬುಟ್ಟಿ ಎತ್ತಿ ಬತ್ತಿ ಚಿವುಟಿದೆ. ಮತ್ತ ಮುಚ್ಚಿದೆ. ಮುಗದ ಕೂಡಲೆ ನಾನs ಹಚ್ಚಿಬಿಡತೇನಿ ಅಂದುಕೊಂಡಿದ್ದೆ. ನೀ ಜಲ್ದಿ ಬಂದಿ."

ಕೆಳಗೆ ಓಣಿಯಲ್ಲಿ ಹುಡುಗರು ಪಟಾಕಿ ಹೊಡೆಯುತ್ತಿದ್ದರು.

"ಅವತ್ತs ಯಾಕ ಹೇಳಲಿಲ್ಲರಿ?"

"ಅವತ್ತ ಹೇಳಿದ್ದರ ಅದು ಬರೇ ದೀಪದ ಮಾತು. ಮೂರನೇ ದಿನ ಅದು ದೀಪದ ಮಾತಾಗಿ ಉಳೀಲಿಲ್ಲ. ಆಮ್ಯಾಲೆ ನನಗ ಬಾಯಿ ಬರಲಿಲ್ಲ."

"ದೀಪಕ್ಕೂ ಅವನ ಜೀವಕ್ಕೂ ಸಂಬಂಧ ಐತಿ ಅಂತ ನೀವು ನಂಬತೀರೇನು?"

"ನಾ ನಂಬಂಗಿಲ್ಲ. ನೀ ನಂಬತೀಯಲ್ಲ, ಅಷ್ಟs ಸಾಕು."

ಅಂಗಿಯೊಳಗಿನಿಂದ ಒಂದು ಲಕೋಟೆ ತೆಗೆದು ಎಣ್ಣೆಯ ತಂಬಿಗೆಯ ಪಕ್ಕದಲ್ಲಿಟ್ಟರು. ಮೇಲೆ ಏನೂ ಬರೆದಿರಲಿಲ್ಲ. "ಕೆಟ್ಟಿಲ್ಲ ಇದು. ನಾ ತೆಗದದ್ದರೊಳಗ ಭಾಳ ಚಲೋ ಬಂದದ್ದು ಇದs. ಅದಕ್ಕs ಯಾರಿಗೂ ತೋರಸಲಿಲ್ಲ," ಎಂದರು.

ನಾನು ಹೇಳಿದ್ದು ಒಂದೇ ಮಾತು. "ಕೆಳಗ ಇಳೀರಿ ಕಾಕಾ."

ಇಳಿದು ಹೋದರು. ಮಾತಾಡಿಸಲಿಲ್ಲ ನಾನು. ಒಂಬತ್ತು ವರ್ಷ ನನ್ನದಲ್ಲದ್ದನ್ನು ನಾನು ಹೊತ್ತೆ, ಅವರು ಎಣ್ಣೆ ತಂದು ಇಟ್ಟು ನೋಡುತ್ತ ನಿಂತರು ಎಂಬ ಸಿಟ್ಟು ಎದೆಯಲ್ಲಿ ಕೆಂಡದಂತೆ ಕುಳಿತಿತ್ತು. ರೊಟ್ಟಿಯನ್ನು ಅತ್ತೆಯ ಕೈಯಲ್ಲಿ ಕಳಿಸುತ್ತಿದ್ದೆ. ಅವರು ತಂದ ಎಣ್ಣೆಯನ್ನು ಮೂಲೆಗಿಟ್ಟು ಬೇರೆ ಎಣ್ಣೆಯಿಂದ ದೀಪ ಹಚ್ಚಿದೆ. ಕಾರ್ತಿಕದುದ್ದಕ್ಕೂ ಗೋಡೆಯಾಚೆಯಿಂದ ಕೆಮ್ಮು ಕೇಳುತ್ತಿತ್ತು. ಮೊದಮೊದಲು ಬೆಳಗಿನ ಹೊತ್ತು, ಆಮೇಲೆ ಇಡೀ ದಿನ. "ಹಾಸಿಗಿ ಹಿಡದಾನ ಅವ. ನಿನ್ನ ಕೇಳತಾನ. ಒಂದ್ ಮಾತರೆ ಆಡಿಸಿ ಬಾ," ಎಂದರು ಅತ್ತೆ. ಅವರಿಗೆ ಏನೂ ಗೊತ್ತಿರಲಿಲ್ಲ. "ಹರಕಿ ಮುಗೀಲಿ, ಛಟ್ಟಿ ಅಮಾಸಿ ದಿನ ಹೋಗತೇನಿ," ಅಂದೆ. ಖರೇನೇ ಹೋಗಬೇಕೆಂದಿದ್ದೆ. ಏನು ಹೇಳಬೇಕೆಂಬುದನ್ನೂ ಕೂಡಿಸಿಕೊಂಡಿದ್ದೆ.

ಎರಡು ದಿನ ಮೊದಲೇ ಹೋದರು.

ಲಕ್ಷ್ಮೇಶ್ವರದಿಂದ ಮಗಳು ಬಂದು ಅತ್ತಳು. ಊರಿನ ಅಷ್ಟೂ ಮಂದಿಯ ಕಡೆಯ ಫೋಟೋ ತೆಗೆದವರ ಫೋಟೋ ತೆಗೆಯಲು ಯಾರೂ ಇರಲಿಲ್ಲ. ಕ್ಯಾಮೆರಾ ಮೂಲೆಯಲ್ಲಿ ಕರಿಬಟ್ಟೆ ಹೊದ್ದು ನಿಂತಿತ್ತು.

ಅಮಾವಾಸ್ಯೆಯ ಸಂಜೆ ಮಾಳಿಗೆಗೆ ಹೋದೆ. ಮೂಲೆಗಿಟ್ಟಿದ್ದ ಅವರ ಎಣ್ಣೆಯನ್ನೇ ಹಾಕಿ ದೀಪ ಹಚ್ಚಿದೆ. ಲಕೋಟೆಯಿಂದ ಗಾಜು ತೆಗೆದು ದೀಪದ ಎದುರು ಹಿಡಿದೆ. ಫೋಟೋದ ಗಾಜಿನಲ್ಲಿ ಬೆಳಕು ಕತ್ತಲೆ ಅದಲುಬದಲು, ಆಕಾಶ ಬಿಳಿ, ಚಿಕ್ಕಿಗಳು ಕಪ್ಪು. ನೂರಾರು ಕಪ್ಪು ಚುಕ್ಕೆ, ನಡುವೆ ಆರು ದೊಡ್ಡವು, ಅವುಗಳ ಸುತ್ತ ಅರಳೆ ಹಿಂಜಿ ಬಿಟ್ಟಂತೆ ಒಂದು ಮಸುಕು. ಅವರು ಹೇಳಿದ್ದು ಖರೆ ಇತ್ತು. ಆ ಒಂದೂವರೆ ತಾಸು ಪೂರಾ ಆ ಗಾಜಿನಲ್ಲಿತ್ತು. ಅದರ ಒಂದು ತುದಿಗೆ ನನ್ನ ತಮ್ಮ ಇನ್ನೂ ಇದ್ದ, ಇನ್ನೊಂದು ತುದಿಗೆ ಇರಲಿಲ್ಲ. ಆ ಹೊತ್ತಿನುದ್ದಕ್ಕೂ ದುರ್ಬೀನು ತಿರುಗಿಸಿದ್ದು ಅವನೇ ತಂದ ನವಣೆ.

ತಲೆಯೆತ್ತಿ ನೋಡಿದೆ. ಮೂಡಣದಲ್ಲಿ ಕೃತ್ತಿಕೆ ಮೇಲೇರಿತ್ತು. ದೀಪದ ಬೆಳಕಿಗೆ ನಾಲ್ಕೇ ಚಿಕ್ಕಿ ಕಂಡವು.

ಶಿವನೇ ಎಂದೆ. ಬುಟ್ಟಿ ತರಲಿಲ್ಲ. ಬಲಗೈಯ ಎರಡು ಬೆರಳಿನಿಂದ ಬತ್ತಿ ಚಿವುಟಿ ದೀಪ ಶಾಂತ ಮಾಡಿದೆ. ಬಿಸಿ ಎಣ್ಣೆ ಅಂಟಿಕೊಂಡಿತು, ಕೈ ಒದರಲಿಲ್ಲ. ಕತ್ತಲೆಯಲ್ಲಿ ಗೋಡೆಗೆ ಒರಗಿ ಕುಳಿತೆ. ಆಚೆಯ ಮಾಳಿಗೆಯಲ್ಲಿ ಕಂಬಳಿ ಹೊದ್ದ ದುರ್ಬೀನು, ಕೆಮ್ಮಿನ ಸದ್ದಿಲ್ಲದ ಮನೆ. ಒಂದೂವರೆ ತಾಸು, ಅರ್ಧ ಚೀಲ ನವಣೆ ಓಡುವಷ್ಟು ಹೊತ್ತು, ಕುಳಿತಿದ್ದೆ. ಕಣ್ಣು ಹೊಂದಿಕೊಂಡ ಮೇಲೆ ಆರೂ ಕಂಡವು. ಆಮೇಲೆ ಮತ್ತೆ ಹಚ್ಚಿ ಕೆಳಗಿಳಿದೆ. ಮಲಗುವ ಮುಂದೆ ಬೆರಳು ಮಡಚಿದೆ. ಸಾಯುವ ಮೊದಲು ಹೇಳಿದರು, ಒಂದು. ಎರಡನೆಯ ಬೆರಳು ಮಡಚಲು ಬರಲಿಲ್ಲ, ಗುಳ್ಳೆ ಎದ್ದಿತ್ತು.

ಬೆಳಗ್ಗೆ ಬೆಣ್ಣೆ ಹಚ್ಚಿಕೊಂಡೆ. ಅದೇ ಬೆರಳಿನಿಂದ ಲೇಖಣಿಕೆ ಹಿಡಿದು ಆ ಖಾಲಿ ಲಕೋಟೆಯ ಮೇಲೆ, ಅವರು ಎಂದೂ ಬರೆಸದೆ ಉಳಿಸಿದ್ದನ್ನು, ದುಂಡಗೆ ಬರೆದೆ:

ಕೃತ್ತಿಕೆ. ಅರ್ಧ ಚೀಲ ನವಣೆ. ಆಕಾಶ ಸ್ವಚ್ಛ.